ಮದುವೆಗೂ ಬೇಕು, ಬಾದಾಮಿಗೂ ಬೇಕು: ಯಾವ ಕ್ಯಾಮೆರಾ ತಗೊಳ್ಳಲಿ?

ಪ್ರಶ್ನೆ: ನಮಸ್ಕಾರ ಸರ್. ನಾನು ಅಥಣಿಯವಳು, ಶಾಲೆಯಲ್ಲಿ ಶಿಕ್ಷಕಿ. ವೈಶಾಖದಲ್ಲಿ ತಂಗಿಯ ಮದುವೆ ಇದೆ. ಅದಾದ ಮೇಲೆ ಚಿಂಚಲಿ ಮಾಯಕ್ಕನ ಗುಡಿಯಲ್ಲಿ ಮಗನ ಜವಳ. ರಜೆಯಲ್ಲಿ ಮನೆಮಂದಿಯೆಲ್ಲ ವಿಜಯಪುರ, ಬಾದಾಮಿ, ಪಟ್ಟದಕಲ್ಲು ನೋಡಿ ಬರುವ ಯೋಚನೆ. ಮಳೆ ಹಿಡಿದ ಮೇಲೆ ಗೋಕಾಕ ಫಾಲ್ಸ್. ಫೋನ್ ಒಳ್ಳೆಯದೇ ಇದೆ. ಆದರೆ ಅತ್ತಿಗೆಯ ಕುಬಸದಲ್ಲಿ ತೆಗೆದ ಫೋಟೋಗಳಲ್ಲಿ ಆರತಿ ಬೆಳಗುವವರ ಕೈ, ಮುಖ ಎಲ್ಲ ಕಲಸಿದ ಹಾಗೆ ಬಂದವು. ಅದಕ್ಕೇ ಕ್ಯಾಮೆರಾಕ್ಕೆ ಅಂತ ತೊಂಬತ್ತು ಸಾವಿರ ಕೂಡಿಟ್ಟಿದ್ದೇನೆ. ತಮ್ಮ ಫುಲ್ ಫ್ರೇಮೇ ಬೇಕು ಅನ್ನುತ್ತಾನೆ. ಬೆಳಗಾವಿಯ ಅಂಗಡಿಯವರು ಎರಡು ಲೆನ್ಸಿನ ಡಿಎಸ್‌ಎಲ್‌ಆರ್ ಸೆಟ್ ತೋರಿಸಿದರು, ಬ್ಯಾಗು, ಟ್ರೈಪಾಡು ಫ್ರೀ ಅಂತೆ. ಯಾವುದು ತಗೊಳ್ಳಲಿ? ಮನೆಯಲ್ಲಿ ಮಾವನವರ ಕಾಲದ ನಿಕಾನ್ ರೀಲ್ ಕ್ಯಾಮೆರಾ ಒಂದಿದೆ. ಅದರ 50 ಎಂಎಂ ಲೆನ್ಸ್ ಹೊಸದಕ್ಕೆ ಕೂಡುತ್ತದಾ?

ಉತ್ತರ: ನಮಸ್ಕಾರ ಅಕ್ಕೋರೇ. ಕುಬಸದ ಆ ಕೆಟ್ಟುಹೋದ ಫೋಟೋದಿಂದಲೇ ಶುರು ಮಾಡೋಣ. ಜನ ಯಾರೋ ತೆಗೆದ ಚೆಂದದ ಫೋಟೋ ಹಿಡಿದುಕೊಂಡು "ಇಂಥದ್ದು ತೆಗೆಯುವ ಕ್ಯಾಮೆರಾ ಕೊಡಿ" ಅಂತ ಅಂಗಡಿಗೆ ಹೋಗುತ್ತಾರೆ. ಹಿಡಿದುಕೊಂಡು ಹೋಗಬೇಕಾದದ್ದು ತಾವೇ ತೆಗೆದು ಕೆಟ್ಟುಹೋದ ಫೋಟೋ. ಬಿಸಿಲಲ್ಲಿ, ಗುಡಿಯ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿ ತೆಗೆಯುವುದಕ್ಕೆ ನಿಮ್ಮ ಫೋನೇ ಧಾರಾಳ ಸಾಕು. ನೀವು ತೊಂಬತ್ತು ಸಾವಿರ ಹಾಕುವುದು ಫೋನ್ ಕೈಕೊಡುವ ಒಂದೆರಡು ಜಾಗಗಳಿಗೆ ಮಾತ್ರ.

ಆ ದಿನ ಆದದ್ದು ಇಷ್ಟೇ. ಮನೆಯೊಳಗೆ ಟ್ಯೂಬ್‌ಲೈಟಿನ ಬೆಳಕು. ಬೆಳಕು ಸಾಲದಿದ್ದಾಗ ಫೋನ್ ಶಟರನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ಮೇಲಿಂದ ಮೇಲೆ ನಾಲ್ಕಾರು ಚಿತ್ರ ತೆಗೆದು ಒಳಗೊಳಗೇ ಒಂದು ಮಾಡುತ್ತದೆ. ಗೋಡೆ, ಹೂವಿನ ಅಲಂಕಾರ, ಸುಮ್ನೆ ಕೂತ ಅಜ್ಜಿ, ಇವೆಲ್ಲ ಚೆನ್ನಾಗಿ ಬರುತ್ತವೆ. ಆರತಿ ತಟ್ಟೆ ಹಿಡಿದ ಕೈ ಮಾತ್ರ ಆಡುತ್ತಲೇ ಇರುತ್ತದೆ, ಅದು ಕಲಸಿಹೋಗುತ್ತದೆ. ಇದು ತಪ್ಪಬೇಕೆಂದರೆ ಶಟರ್ ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ತೆರೆದು ಮುಚ್ಚಬೇಕು. ಅಷ್ಟು ಬೇಗ ಮುಚ್ಚಿದರೆ ಒಳಗೆ ಬರುವ ಬೆಳಕು ಸಾಲುವುದಿಲ್ಲ. ಆ ಬೆಳಕು ಎಲ್ಲಿಂದ ತರುವುದು? ಫ್ಲ್ಯಾಶ್ ಬಿಟ್ಟರೆ ಎರಡೇ ದಾರಿ. ಬೆಳಕು ಹಿಡಿಯುವ ಸೆನ್ಸರ್ ದೊಡ್ಡದಿರಬೇಕು, ಇಲ್ಲವೇ ಲೆನ್ಸಿನ ಬಾಯಿ ಅಗಲವಿರಬೇಕು. ನಿಮ್ಮ ತಮ್ಮ ಮೊದಲನೆಯದನ್ನು ಹೇಳುತ್ತಿದ್ದಾನೆ. ನಾನು ಎರಡನೆಯದನ್ನು ಹೇಳುತ್ತೇನೆ.

ಲೆಕ್ಕ ಹಾಕಿಯೇ ನೋಡೋಣ. ಫುಲ್ ಫ್ರೇಮ್ ಸೆನ್ಸರ್ 36 ಮಿ.ಮೀ. ಅಗಲ, 24 ಮಿ.ಮೀ. ಎತ್ತರ. ಅದಕ್ಕಿಂತ ಕೆಳಗಿನದು ಎಪಿಎಸ್-ಸಿ, ಮಾತಿನಲ್ಲಿ ಕ್ರಾಪ್ ಸೆನ್ಸರ್. ಕ್ಯಾನನ್‌ನಲ್ಲಿ ಅದು ಸುಮಾರು 22.3 ಮತ್ತು 14.9 ಮಿ.ಮೀ. ಗುಣಿಸಿ ನೋಡಿದರೆ ಫುಲ್ ಫ್ರೇಮಿನ ವಿಸ್ತೀರ್ಣ ಕ್ರಾಪ್‌ಗಿಂತ ಎರಡೂವರೆ ಪಟ್ಟು ಚಿಲ್ಲರೆ ದೊಡ್ಡದು. ಅಂದರೆ ತಮ್ಮ ಹೇಳಿದ ದಾರಿಯಲ್ಲಿ ಸಿಗುವ ಲಾಭ ಸುಮಾರು ಎರಡೂವರೆ ಪಟ್ಟು. ಈಗ ಲೆನ್ಸಿಗೆ ಬನ್ನಿ. ಕ್ಯಾಮೆರಾ ಜೊತೆ ಡಬ್ಬಿಯಲ್ಲೇ ಬರುವ ಕಿಟ್ ಲೆನ್ಸ್, ಉದಾಹರಣೆಗೆ ಕ್ಯಾನನ್‌ನ 18-45 ಎಂಎಂ ಜೂಮ್, ಪೂರ್ತಿ ಜೂಮ್ ಮಾಡಿದಾಗ ಎಫ್/6.3ಕ್ಕಿಂತ ಅಗಲ ತೆರೆಯುವುದಿಲ್ಲ. ಬೇರೆಯಾಗಿ ಸಿಗುವ 50 ಎಂಎಂ ಲೆನ್ಸ್ ಎಫ್/1.8 ತನಕ ತೆರೆಯುತ್ತದೆ. ಈ ಎಫ್ ಸಂಖ್ಯೆ ಕಡಿಮೆಯಾದಷ್ಟೂ ಬಾಯಿ ಅಗಲ. 6.3ನ್ನು 1.8ರಿಂದ ಭಾಗಿಸಿ, ಬಂದದ್ದನ್ನು ಅದರಿಂದಲೇ ಗುಣಿಸಿ. ಹನ್ನೆರಡು ಬರುತ್ತದೆ. ಒಂದು ಕಡೆ ಎರಡೂವರೆ ಪಟ್ಟು, ಇನ್ನೊಂದು ಕಡೆ ಹನ್ನೆರಡು ಪಟ್ಟು. ಖರ್ಚು ಮಾತ್ರ ತಿರುಗಾಮುರುಗ: ಫುಲ್ ಫ್ರೇಮ್‌ಗೆ ಹೋದರೆ ನಿಮ್ಮ ದುಡ್ಡೆಲ್ಲ ಬಾಡಿ, ಅಂದರೆ ಲೆನ್ಸ್ ಇಲ್ಲದ ಬರೀ ಕ್ಯಾಮೆರಾ, ಅದಕ್ಕೇ ಮುಗಿಯುತ್ತದೆ, ಲೆನ್ಸಿಗೆ ಮತ್ತೆ ಸಾಲ ಮಾಡಬೇಕು.

ಕಲ್ಯಾಣ ಮಂಟಪದಲ್ಲಿ ಇದು ಹೇಗೆ ಕಾಣುತ್ತದೆ ಅಂದರೆ, ಅಕ್ಕಿಕಾಳು ಬೀಳುವ ಹೊತ್ತಿಗೆ ಕಿಟ್ ಲೆನ್ಸಿನಲ್ಲಿ ಶಟರ್ 1/125ಕ್ಕೆ ಇಟ್ಟರೆ ಐಎಸ್‌ಓ (ಸಾಲದ ಬೆಳಕನ್ನು ಕ್ಯಾಮೆರಾ ಹಿಗ್ಗಿಸುವ ಮಟ್ಟ) 6400ರ ಆಸುಪಾಸಿಗೆ ಏರುತ್ತದೆ. ಮುಖದ ಮೇಲೆ ರವೆ ಚೆಲ್ಲಿದ ಹಾಗೆ ಕಾಳುಕಾಳು. ಅದೇ ಜಾಗ, ಅದೇ ಬೆಳಕು, ಎಫ್/1.8 ಲೆನ್ಸ್ ಹಾಕಿದರೆ ಐಎಸ್‌ಓ 500ರ ಹತ್ತಿರ ನಿಲ್ಲುತ್ತದೆ. ಮುತ್ತೈದೆಯರ ಕುಂಕುಮದ ಅಂಚು ಸಹ ಸ್ಪಷ್ಟ ಕಾಣುತ್ತದೆ.

ಹಾಗಂತ ಫುಲ್ ಫ್ರೇಮ್ ಕೆಟ್ಟದ್ದಲ್ಲ. ಮದುವೆ ಫೋಟೋ ತೆಗೆದೇ ಹೊಟ್ಟೆ ತುಂಬಿಸಿಕೊಳ್ಳುವವರಿಗೆ ಅದು ಬೇಕು. ಅವರಿಗೆ ಎರಡು ಕಾರ್ಡ್ ಸ್ಲಾಟೂ ಬೇಕು. ಒಂದು ಕಾರ್ಡ್ ಕೆಟ್ಟರೆ ಇನ್ನೊಬ್ಬರ ಮದುವೆಯನ್ನು ಮತ್ತೆ ಮಾಡಿಸಲಿಕ್ಕಾಗುತ್ತದಾ? ನಿಮಗೆ ಅದರ ಭಾರ ಬೇಡ, ಕತ್ತಿಗೆ ನೇತುಹಾಕಿಕೊಳ್ಳುವ ಭಾರವೂ ಬೇಡ.

ಅಗಲ ಬಾಯಿಯ ಲೆನ್ಸಿಗೆ ಒಂದು ತೊಡಕಿದೆ, ಅದನ್ನೂ ಹೇಳಬೇಕು. ಎಫ್/1.8ರಲ್ಲಿ ಎರಡು ಮೀಟರ್ ದೂರ ನಿಂತು ತೆಗೆದರೆ ಸ್ಪಷ್ಟವಾಗಿ ಬರುವ ಪಟ್ಟಿ ಸುಮಾರು 11 ಸೆಂ.ಮೀ. ಮಾತ್ರ. ಅರ್ಧ ಗೇಣು. ಮದುಮಗಳ ಕಣ್ಣು ಸ್ಪಷ್ಟ, ಒಂದು ಹೆಜ್ಜೆ ಹಿಂದೆ ಕೂತ ಮದುಮಗ ಮಸುಕು. ಇಬ್ಬರೂ ಬೇಕಾದಾಗ ಎಫ್/2.8ಕ್ಕೆ, ನಾಲ್ಕಾರು ಮಂದಿ ಇದ್ದರೆ ಎಫ್/4ಕ್ಕೆ ಬನ್ನಿ. ಒಬ್ಬರೇ ಇದ್ದಾಗಲೂ ಆ ಅರ್ಧ ಗೇಣು ಸರಿಯಾಗಿ ಕಣ್ಣಿನ ಮೇಲೇ ಕೂರಬೇಕಲ್ವಾ? ಹೊಸಬರ ಕೈಯಲ್ಲಿ ಅದು ಕೂರುವುದು ಕಷ್ಟ. ಅದಕ್ಕೇ ಕಣ್ಣನ್ನು ತಾನೇ ಹುಡುಕಿ ಹಿಡಿಯುವ ಕ್ಯಾಮೆರಾ ಬೇಕು. ಇವತ್ತಿನ ಮಿರರ್‌ಲೆಸ್‌ಗಳಲ್ಲಿ, ಅಂದರೆ ಡಿಎಸ್‌ಎಲ್‌ಆರ್‌ನ ಹಾಗೆ ಒಳಗೆ ಕನ್ನಡಿ ಇಲ್ಲದ ಕ್ಯಾಮೆರಾಗಳಲ್ಲಿ, ಈ ಸವಲತ್ತು ಇದ್ದೇ ಇರುತ್ತದೆ. ಮದುಮಗಳು ತಲೆ ಬಗ್ಗಿಸಲಿ, ತಿರುಗಲಿ, ಚಿಕ್ಕ ಚೌಕವೊಂದು ಅವಳ ಕಣ್ಣಿನ ಬೆನ್ನು ಬಿಡುವುದಿಲ್ಲ.

ಬೆಳಗಾವಿಯ ಅಂಗಡಿಯವರು ತೋರಿಸಿದ ಡಿಎಸ್‌ಎಲ್‌ಆರ್ ಸೆಟ್ ನಾನು ಬೇಡ ಅನ್ನುವುದು ಇದೇ ಕಾರಣಕ್ಕೆ. ಆ ದರ್ಜೆಯ ಡಿಎಸ್‌ಎಲ್‌ಆರ್‌ಗಳಲ್ಲಿ ಕಿಂಡಿಯಲ್ಲಿ ಕಣ್ಣಿಟ್ಟು ತೆಗೆಯುವಾಗ ಫೋಕಸ್ ಬಿಂದುಗಳೇ ಕೆಲವು. ಕ್ಯಾನನ್ 1500ಡಿ ತಗೊಂಡರೆ ಒಂಬತ್ತೇ ಬಿಂದು, ಅವೂ ನಡುವಿನಲ್ಲಿ. ಬ್ಯಾಟರಿ ಜಾಸ್ತಿ ಬಾಳುತ್ತದೆ, ಸೆಕೆಂಡ್ ಹ್ಯಾಂಡ್ ಲೆನ್ಸ್ ಅಗ್ಗಕ್ಕೆ ಸಿಗುತ್ತವೆ, ಅದನ್ನು ಒಪ್ಪುತ್ತೇನೆ. ಆದರೆ ಕಂಪನಿಗಳ ಹೊಸ ಕೆಲಸವೆಲ್ಲ ಮಿರರ್‌ಲೆಸ್ ಕಡೆ ಹೋಗಿದೆ. ಇನ್ನು ಆ ಎರಡನೆಯ ಲೆನ್ಸ್. ದೂರದ್ದನ್ನು ಹತ್ತಿರ ಎಳೆಯುವ ಆ ಉದ್ದ ಲೆನ್ಸಿನ ಬಾಯಿ ಕಿಟ್ ಲೆನ್ಸಿನಷ್ಟೇ ಕಿರಿದು. ಮಂಟಪದೊಳಗೆ ಕೆಲಸಕ್ಕೆ ಬಾರದು, ಮನೆಯೊಳಗೆ ಹಿಂದೆ ಸರಿಯಲು ಜಾಗ ಸಾಲದು. ಘಟಪ್ರಭಾ ಪಕ್ಷಿಧಾಮಕ್ಕೋ ಆಲಮಟ್ಟಿ ಹಿನ್ನೀರಿಗೋ ಹೋಗಿ ಹಕ್ಕಿ ತೆಗೆಯುವ ಹುಚ್ಚು ಇದ್ದರೆ ಮಾತು ಬೇರೆ. ಇಲ್ಲದಿದ್ದರೆ ಅದು ಕಪಾಟಿನಲ್ಲೇ ಇರುತ್ತದೆ. ಫ್ರೀ ಕೊಡುವ ಟ್ರೈಪಾಡ್ ಬಗ್ಗೆ ಕೇಳಲೇಬೇಡಿ. ಗಾಳಿ ಬೀಸಿದರೆ ಕ್ಯಾಮೆರಾ ಸಮೇತ ಬೀಳುವ ಜಾತಿ ಅದು.

ಇನ್ನೊಂದು ವಿಷಯದಲ್ಲಿ ನಾನು ಹಟ ಮಾಡುತ್ತೇನೆ. ಕಣ್ಣಿಟ್ಟು ನೋಡುವ ಕಿಂಡಿ, ಅಂದರೆ ವ್ಯೂಫೈಂಡರ್ ಇಲ್ಲದ ಕ್ಯಾಮೆರಾ ತಗೊಳ್ಳಬೇಡಿ. ಸೋನಿ ಝಡ್‌ವಿ-ಇ10, ನಿಕಾನ್ ಝಡ್30 ಇವುಗಳಲ್ಲಿ ಕಿಂಡಿ ಇಲ್ಲ, ಹಿಂದಿನ ಪರದೆ ಮಾತ್ರ. ಕೋಣೆಯಲ್ಲಿ ಕೂತು ವಿಡಿಯೋ ಮಾಡುವವರಿಗೆ ಅವು ಒಳ್ಳೆಯವು. ನಮ್ಮ ಕಡೆಯ ಬೇಸಿಗೆ ನಿಮಗೇ ಗೊತ್ತು. ವೈಶಾಖದ ಮಧ್ಯಾಹ್ನ ಐಹೊಳೆಯ ದುರ್ಗ ಗುಡಿಯ ಮುಂದೆ ನಿಂತರೆ ಪರದೆಯಲ್ಲಿ ಕಾಣುವುದು ನಿಮ್ಮದೇ ಮುಖದ ನೆರಳು. ಕಿಂಡಿ ಇದ್ದರೆ ಕಣ್ಣು ಒತ್ತಿಟ್ಟು ನೆಮ್ಮದಿಯಾಗಿ ನೋಡಬಹುದು, ಕ್ಯಾಮೆರಾ ಮುಖಕ್ಕೆ ಆನಿಕೊಳ್ಳುವುದರಿಂದ ಕೈಯೂ ನಡುಗುವುದಿಲ್ಲ. ಚಷ್ಮಾ ಹಾಕುವವರಾದರೆ ಕಿಂಡಿಯ ಪಕ್ಕದ ಪುಟ್ಟ ಗಾಲಿ ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಿ. ಎಷ್ಟೋ ಮಂದಿ ಅದನ್ನು ಮುಟ್ಟಿಯೇ ಇರುವುದಿಲ್ಲ, "ಕ್ಯಾಮೆರಾ ಮಸುಕು" ಅಂತ ದೂರುತ್ತಾರೆ.

ಹಾಗಾದರೆ ಯಾವುದು? ನಿಮ್ಮ ಜಾಗದಲ್ಲಿ ನಾನಿದ್ದರೆ ಕ್ಯಾನನ್ ಆರ್50, ಅದರ ಜೊತೆ ಬರುವ 18-45 ಕಿಟ್ ಲೆನ್ಸ್, ಬೇರೆಯಾಗಿ ಆರ್‌ಎಫ್ 50 ಎಂಎಂ ಎಫ್/1.8. ಅಂಗಡಿಯಿಂದ ಅಂಗಡಿಗೆ ದರ ಬದಲಾಗುತ್ತದೆ, ಹಬ್ಬದ ಆಫರ್‌ನಲ್ಲಿ ಇಳಿಯುತ್ತದೆ. ಆದರೂ ಮೂರೂ ಕೂಡಿ ನಿಮ್ಮ ತೊಂಬತ್ತರ ಆಸುಪಾಸಿನಲ್ಲೇ ಇರುತ್ತದೆ. 2023ರಲ್ಲಿ ಬಂದ ಕ್ಯಾಮೆರಾ, 24 ಮೆಗಾಪಿಕ್ಸೆಲ್. ಬ್ಯಾಟರಿ, ಕಾರ್ಡ್ ಸೇರಿ ಬಾಡಿ 375 ಗ್ರಾಂ, 50 ಎಂಎಂ ಲೆನ್ಸ್ 160 ಗ್ರಾಂ. ಎರಡೂ ಕೂಡಿ ಅರ್ಧ ಕಿಲೋಗೆ ಸ್ವಲ್ಪ ಜಾಸ್ತಿ, ವ್ಯಾನಿಟಿ ಬ್ಯಾಗಿನಲ್ಲೇ ಕೂರುತ್ತದೆ. 24 ಮೆಗಾಪಿಕ್ಸೆಲ್ ಸಾಕಾ ಅಂತ ತಮ್ಮ ಕೇಳುತ್ತಾನೆ. ಚಿತ್ರ 6000 ಮತ್ತು 4000 ಪಿಕ್ಸೆಲ್ ಬರುತ್ತದೆ, ಇಂಚಿಗೆ 300ರಂತೆ ಪ್ರಿಂಟ್ ಹಾಕಿದರೂ 20 ಇಂಚು ಅಗಲ. ಮದುವೆ ಆಲ್ಬಮ್ಮಿನ ಒಂದು ಪುಟಕ್ಕೆ ಅದು ಸಾಕಾಗಿ ಉಳಿಯುತ್ತದೆ.

ಸೋನಿ ಎ6400, ನಿಕಾನ್ ಝಡ್50-2 ಕೂಡ ಇದೇ ಸಾಲಿನವು, ಕಿಂಡಿ ಎರಡಕ್ಕೂ ಇದೆ. ಸೋನಿ 2019ರದ್ದು, ಮೆನು ಸ್ವಲ್ಪ ಗೋಜಲು, ಆದರೆ ಅದಕ್ಕೆ ಹೊಂದುವ ಲೆನ್ಸ್‌ಗಳು ಜಾಸ್ತಿ. ನಿಕಾನ್ ಕೈಯಲ್ಲಿ ಹಿಡಿಯಲು ಹಿತ, ಆದರೆ ಅಗಲ ಬಾಯಿಯ ಲೆನ್ಸ್ ಸೇರಿಸುವಷ್ಟರಲ್ಲಿ ನಿಮ್ಮ ದುಡ್ಡು ದಾಟಬಹುದು. ಅಂಗಡಿಯಲ್ಲಿ ಮೂರನ್ನೂ ಕೈಗೆ ತಗೊಂಡು ನೋಡಿ. ಯಾವುದರ ಗುಂಡಿಗಳಿಗೆ ನಿಮ್ಮ ಬೆರಳು ತಾನಾಗಿ ಹೋಗುತ್ತದೋ ಅದನ್ನೇ ಆರಿಸಿದರೂ ನನ್ನ ತಕರಾರಿಲ್ಲ. 50 ಎಂಎಂ ಬಿಡಬೇಡಿ ಅಷ್ಟೇ.

ತಗೊಳ್ಳುವುದಾದರೆ ಮದುವೆಗೆ ತಿಂಗಳೊಪ್ಪತ್ತು ಮೊದಲೇ ತಗೊಳ್ಳಿ. ಇನ್ನೊಂದು ಮಾತು, ತಂಗಿಯ ಮದುವೆಯ ಫೋಟೋಗ್ರಾಫರ್ ನೀವಾಗಬೇಡಿ. ಅಕ್ಕಿಕಾಳು ಹಾಕಬೇಕಾದ ಕೈಯಲ್ಲಿ ಕ್ಯಾಮೆರಾ ಇದ್ದರೆ ಮನೆಯವರಿಗೂ ಸಿಟ್ಟು, ಆಮೇಲೆ ನಿಮಗೂ ಬೇಜಾರು. ಆಲ್ಬಮ್ಮಿನ ಕೆಲಸ ಕರೆಸಿದ ಫೋಟೋಗ್ರಾಫರ್ ಮಾಡಲಿ. ಅವರು ಬರುವ ಮೊದಲಿನದು, ಹೋದ ಮೇಲಿನದು ನಿಮ್ಮದು. ಅರಿಷಿಣ ಹಚ್ಚುವಾಗ ಚಿಕ್ಕಮ್ಮಂದಿರ ಗದ್ದಲ, ಸುರಿಗಿ ನೀರಿಗೆ ನಾಲ್ಕು ಮೂಲೆಗೆ ತಂಬಿಗೆ ಇಟ್ಟು ನೂಲು ಸುತ್ತುವುದು, ಹಿಂದಿನ ರಾತ್ರಿ ಹೋಳಿಗೆ ಲಟ್ಟಿಸುತ್ತ ಕೂತವರು. ಇಂಥವು ದುಡ್ಡು ಕೊಟ್ಟ ಆಲ್ಬಮ್ಮಿನಲ್ಲಿ ಇರುವುದಿಲ್ಲ. ಒಂದು ಅನನುಕೂಲ ಇದೆ. ಕ್ರಾಪ್ ಸೆನ್ಸರ್ ಮೇಲೆ 50 ಎಂಎಂ ಲೆನ್ಸ್ ಫುಲ್ ಫ್ರೇಮಿನ 80 ಎಂಎಂ ಥರ ಕಾಣುತ್ತದೆ, ನೋಟ ಕಿರಿದಾಗುತ್ತದೆ. ಅಡುಗೆಮನೆಯಲ್ಲಿ ಬೆನ್ನು ಗೋಡೆಗೆ ತಾಗಿದರೂ ಒಬ್ಬಿಬ್ಬರೇ ಹಿಡಿಸುತ್ತಾರೆ. ಗುಂಪು ಬೇಕಾದಾಗ ಕಿಟ್ ಲೆನ್ಸನ್ನು 18ಕ್ಕೆ ತಂದು, ಎಲ್ಲರೂ ಒಂದು ಕ್ಷಣ ಅಲುಗದೆ ನಿಂತಾಗ ತೆಗೆಯಿರಿ.

ಈಗಿನ ಮಂಟಪಗಳಲ್ಲಿ ನಿಜವಾದ ಪೀಡೆ ಎಲ್‌ಇಡಿ ಲೈಟು. ನಮ್ಮ ಕರೆಂಟು 50 ಹರ್ಟ್ಸ್‌ನದು. ಅಗ್ಗದ ಎಲ್‌ಇಡಿಗಳು ಸೆಕೆಂಡಿಗೆ ನೂರು ಸಲ ಮಿಣುಕುತ್ತವೆ. ಕಣ್ಣಿಗೆ ಗೊತ್ತಾಗುವುದಿಲ್ಲ, ಕ್ಯಾಮೆರಾಕ್ಕೆ ಗೊತ್ತಾಗುತ್ತದೆ. ಸದ್ದಿಲ್ಲದೆ ತೆಗೆಯೋಣ ಅಂತ ಸೈಲೆಂಟ್ ಶಟರ್ ಹಾಕಿಕೊಂಡರೆ ಮದುಮಗಳ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ ಬೀಳುತ್ತವೆ. ಒಂದು ಫೋಟೋದಲ್ಲಿ ಇರುತ್ತವೆ, ಇನ್ನೊಂದರಲ್ಲಿ ಇರುವುದಿಲ್ಲ. ಎಷ್ಟೋ ಮಂದಿ ಕ್ಯಾಮೆರಾ ಕೆಟ್ಟಿದೆ ಅಂತ ವಾಪಸ್ ತಗೊಂಡು ಹೋಗುತ್ತಾರೆ. ಮಂಟಪದೊಳಗೆ ಸೈಲೆಂಟ್ ಮೋಡ್ ತೆಗೆದುಬಿಡಿ, ಶಟರ್ 1/100ಕ್ಕೆ ಕಟ್ಟಿಡಿ, ಐಎಸ್‌ಓ ಆಟೋ, ಗರಿಷ್ಠ 6400. ಮೆನುವಿನಲ್ಲಿ ಆ್ಯಂಟಿ ಫ್ಲಿಕರ್ ಅಂತ ಇದ್ದರೆ ಆನ್ ಮಾಡಿ. ಮದುವೆಗೆ ಒಂದು ದಿನ ಮೊದಲು ಅದೇ ಮಂಟಪಕ್ಕೆ ಹೋಗಿ ಎಲ್ಲ ಲೈಟ್ ಹಾಕಿಸಿ ನಾಲ್ಕು ಫೋಟೋ ತೆಗೆದು ನೋಡಿದರೆ ಇನ್ನೂ ಒಳ್ಳೆಯದು.

ಮತ್ತೊಂದು ನಮ್ಮ ಕಡೆಯದೇ ತಾಪತ್ರಯ, ಕೆಂಪು ಬಣ್ಣ. ಇಳಕಲ್ ಸೀರೆಯ ಟೋಪಿ ತೆನಿ ಸೆರಗು ಹೊದ್ದ ಹಿರಿಯರನ್ನು ಬಿಸಿಲಲ್ಲಿ ತೆಗೆದು ನೋಡಿ. ನೇಯ್ಗೆಯ ಗೆರೆ ಒಂದೂ ಕಾಣದೆ ಸೆರಗೆಲ್ಲ ಕೆಂಪು ಬಣ್ಣ ಸುರಿದ ಹಾಗೆ ಬರುತ್ತದೆ. ಮುಖದ ಬೆಳಕು ಸರಿಯಿದ್ದರೂ ಕೆಂಪು ಮಾತ್ರ ಮಿತಿ ಮೀರಿ ತುಂಬಿಬಿಟ್ಟಿರುತ್ತದೆ. ಕಂಪನಿ ಕೊಡುವ ಸ್ಟ್ಯಾಂಡರ್ಡ್ ಪಿಕ್ಚರ್ ಸ್ಟೈಲ್ ಬಣ್ಣವನ್ನು ಇನ್ನಷ್ಟು ಏರಿಸುತ್ತದೆ. ಅದನ್ನು ನ್ಯೂಟ್ರಲ್‌ಗೆ ಬದಲಿಸಿ, ಎಕ್ಸ್‌ಪೋಷರ್ ಎರಡು ಗೆರೆಯಷ್ಟು ಮೈನಸ್ ಕಡೆ ತನ್ನಿ. ಕ್ಯಾಮೆರಾ ತಿದ್ದದೆ ಹಾಗೇ ಇಡುವ ರಾ ಫೈಲಿನಲ್ಲೂ ತೆಗೆದಿಟ್ಟರೆ ಆಮೇಲೆ ಕಂಪ್ಯೂಟರಿನಲ್ಲಿ ಸರಿಮಾಡಬಹುದು.

ಫ್ಲ್ಯಾಶಿನ ಮಾತು ಬಾಕಿ ಉಳಿದಿತ್ತು. ಆರ್50ರ ತಲೆಯ ಮೇಲೆ ಏಳುವ ಪುಟ್ಟ ಫ್ಲ್ಯಾಶ್ ಇದೆ. ಆರತಿ ಹೊತ್ತಿನಲ್ಲಿ ಅದನ್ನು ಎಬ್ಬಿಸಬೇಡಿ. ಬೆವರಿದ ಮುಖ ಹೊಳೆಯುತ್ತದೆ, ಹಿಂದೆಲ್ಲ ಕತ್ತಲು, ದೀಪದ ಬೆಳಕು ಇದ್ದೂ ಇಲ್ಲದ ಹಾಗೆ. ಅದು ಕೆಲಸಕ್ಕೆ ಬರುವುದು ತದ್ವಿರುದ್ಧ ಜಾಗದಲ್ಲಿ. ಜವಳದ ದಿನ ನಡುಮಧ್ಯಾಹ್ನದ ಬಿಸಿಲಿರುತ್ತದೆ, ಟೋಪಿ ಹಾಕಿದ ಸೋದರಮಾವನ ಕಣ್ಣಿನ ಕೆಳಗೆ ಕಪ್ಪು ನೆರಳು. ಅಲ್ಲಿ ಫ್ಲ್ಯಾಶ್ ಹಾಕಿ, ನೆರಳು ತಿಳಿಯಾಗುತ್ತದೆ.

ಮಾಯಕ್ಕನ ಗುಡಿ ಅಂದಿರಲ್ಲ, ಅಲ್ಲಿ ಕ್ಯಾಮೆರಾಕ್ಕೆ ಭಂಡಾರದ ಗಂಡಾಂತರ ಇದೆ. ಗಾಳಿಯಲ್ಲಿ ಹಾರಾಡುವ ಅರಿಷಿಣದ ಪುಡಿ ಬಹಳ ನುಣುಪು, ಎಲ್ಲಿ ಸಂದಿ ಇದೆಯೋ ಅಲ್ಲಿ ಹೊಗುತ್ತದೆ. ಮಿರರ್‌ಲೆಸ್‌ನಲ್ಲಿ ಲೆನ್ಸ್ ಕಳಚಿದರೆ ಸೆನ್ಸರ್ ಎದುರಿಗೇ ಬಯಲಾಗಿ ಕಾಣುತ್ತದೆ. ಅದರ ಮೇಲೆ ಪುಡಿ ಕೂತರೆ ಮುಂದಿನ ಫೋಟೋಗಳೆಲ್ಲ ಚುಕ್ಕೆ ಚುಕ್ಕೆ. ಜೂಮ್ ಲೆನ್ಸ್ ಹಿಂದೆ ಮುಂದೆ ಮಾಡುವಾಗ ಗಾಳಿ ಎಳೆದುಕೊಳ್ಳುತ್ತದೆ, ಗಾಳಿಯ ಜೊತೆ ಪುಡಿಯನ್ನೂ. ಆದ್ದರಿಂದ ಯಾವ ಲೆನ್ಸ್ ಅಂತ ಗಾಡಿಯಲ್ಲೇ ನಿರ್ಧರಿಸಿ ಹಾಕಿಕೊಂಡು ಇಳಿಯಿರಿ, ಗುಡಿಯ ಹತ್ತಿರ ಬದಲಿಸಬೇಡಿ. ಲೆನ್ಸಿನ ಮುಂದೆ ಒಂದು ಬಿಳಿ ಗಾಜಿನ ಫಿಲ್ಟರ್ ಇರಲಿ. ಕ್ಯಾಮೆರಾದ ಬಾಡಿಯ ಮೇಲೆ ತೆಳುವಾದ ಪ್ಲಾಸ್ಟಿಕ್ ಚೀಲ ಹೊದಿಸಿ, ಲೆನ್ಸಿನ ಸುತ್ತ ರಬ್ಬರ್ ಬ್ಯಾಂಡ್ ಹಾಕಿ. ಮನೆಗೆ ಬಂದ ಮೇಲೆ ಮೊದಲು ರಬ್ಬರ್ ಬ್ಲೋವರಿನಿಂದ ಊದಿ ತೆಗೆಯಿರಿ, ಬಟ್ಟೆ ಆಮೇಲೆ. ಪುಡಿ ಇರುವಾಗಲೇ ಸೆರಗಿನಿಂದ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ. ಬಾಯಿಯಿಂದ ಊದುವುದಂತೂ ಬೇಡವೇ ಬೇಡ, ಉಗುಳಿನ ಹನಿ ಹಾರುತ್ತದೆ. ಬಾಗಲಕೋಟೆಯ ಹೋಳಿ ನೋಡಲು ಬಂದರೂ ಇದೇ ವ್ಯವಸ್ಥೆ ಮಾಡಿಕೊಳ್ಳಿ.

ಆದರೆ ಆ ಪ್ಲಾಸ್ಟಿಕ್ ಚೀಲವನ್ನು ಬಾದಾಮಿಗೆ ತರಬೇಡಿ! ಅಲ್ಲಿನ ಮಂಗಗಳಿಗೆ ಪ್ಲಾಸ್ಟಿಕ್ ಚೀಲ ಅಂದರೆ ತಿಂಡಿ ಅಂತಲೇ ಅರ್ಥ. ಪಟ್ಟಿ ಕುತ್ತಿಗೆಯಲ್ಲೇ ಇರಲಿ, ಕ್ಯಾಮೆರಾ ಬ್ಯಾಗಿನಲ್ಲಿ ಬಾಳೆಹಣ್ಣು ಇಡಬೇಡಿ.

ಬಾದಾಮಿಯಲ್ಲಿ ನಿಮಗೆ 50 ಎಂಎಂ ಅಷ್ಟಾಗಿ ಬೇಕಾಗುವುದಿಲ್ಲ. ಗುಹೆಯೊಳಗೂ ಬೆಳಕು ಕಡಿಮೆಯೇ, ಆದರೆ ಮಂಟಪದ ಹಾಗಲ್ಲ. ಮದುಮಗಳು ಅಲುಗುತ್ತಾಳೆ, ಕಲ್ಲಿನ ನಟರಾಜ ಅಲುಗುವುದಿಲ್ಲ. ಅಲುಗದ ವಸ್ತುವಿಗೆ ಶಟರ್ ನಿಧಾನ ಇದ್ದರೂ ನಡೆಯುತ್ತದೆ, ನಿಮ್ಮ ಕೈ ನಡುಗದಿದ್ದರೆ ಸಾಕು. ಆ ಕೆಲಸಕ್ಕೆ ಕಿಟ್ ಲೆನ್ಸಿನಲ್ಲೇ ಸ್ಟೆಬಿಲೈಸರ್ ಇದೆ. ಅದು ಕೈಯ ನಡುಕ ತಡೆಯುತ್ತದೆ, ಎದುರಿನವರ ಓಡಾಟ ತಡೆಯುವುದಿಲ್ಲ. ಅಂಗಡಿಯಲ್ಲಿ ಸ್ಟೆಬಿಲೈಸರ್ ಹೆಸರು ಹೇಳಿ ಮಾರುವವರು ಈ ವ್ಯತ್ಯಾಸ ಹೇಳುವುದಿಲ್ಲ. 18-45 ಹಾಕಿ, ಶಟರ್ 1/15, ಕಂಬಕ್ಕೆ ಒರಗಿ ಉಸಿರು ಹಿಡಿದು ಒತ್ತಿ. ಆರ್50ರ ಬಾಡಿಯಲ್ಲಿ ಸ್ಟೆಬಿಲೈಸರ್ ಇಲ್ಲ, 50 ಎಂಎಂ ಲೆನ್ಸಿನಲ್ಲೂ ಇಲ್ಲ. ಅದಕ್ಕೇ ಎರಡೂ ಲೆನ್ಸ್ ಬೇಕು ಅಂದದ್ದು.

ಮೂರನೆಯ ಗುಹೆಯಲ್ಲಿ ಚಾಲುಕ್ಯರ ಮಂಗಲೇಶ ಬರೆಸಿದ ಶಾಸನವಿದೆ, ಕ್ರಿ.ಶ. 578ರದ್ದು. ಅದರ ಮೇಲೆ ನೇರ ಫ್ಲ್ಯಾಶ್ ಹೊಡೆದರೆ ಅಕ್ಷರದ ಆಳವೇ ಹೋಗಿ ಸಪಾಟಾಗುತ್ತದೆ. ಬಾಗಿಲಿನ ಕಡೆಯಿಂದ ಓರೆಯಾಗಿ ಬರುವ ಬೆಳಕಿನಲ್ಲಿ ತೆಗೆದರೆ ಪ್ರತಿ ಅಕ್ಷರಕ್ಕೂ ಚಿಕ್ಕ ನೆರಳು ಸಿಕ್ಕು ಓದಲು ಬರುತ್ತದೆ. ಅದೇ ಗುಹೆಯ ಮೇಲ್ಭಾಗದಲ್ಲಿ ಹಳೆಯ ವರ್ಣಚಿತ್ರಗಳ ಉಳಿಕೆಯೂ ಇದೆ, ಆ ಕಾರಣಕ್ಕೂ ಫ್ಲ್ಯಾಶ್ ಬೇಡ. ಸಂಜೆ ಹೊತ್ತು ಅಗಸ್ತ್ಯ ತೀರ್ಥದ ದಂಡೆಗೆ ಬನ್ನಿ. ಭೂತನಾಥ ಗುಡಿ ಕೆರೆಯ ಮೂಡಣ ದಂಡೆಯಲ್ಲಿ ಪಡುವಣಕ್ಕೆ ಮುಖ ಮಾಡಿದೆ, ಇಳಿಬಿಸಿಲು ನೇರ ಅದರ ಮೇಲೆ ಬೀಳುತ್ತದೆ. ಆಗ ಬಣ್ಣದ ಛಾಯೆ ಹೊಂದಿಸುವ ವೈಟ್ ಬ್ಯಾಲೆನ್ಸನ್ನು ಆಟೋದಿಂದ ಡೇಲೈಟ್‌ಗೆ ಬದಲಿಸಿ. ಆಟೋದಲ್ಲಿ ಬಿಟ್ಟರೆ ಕ್ಯಾಮೆರಾ ಆ ಕೆಂಪನ್ನು ತಪ್ಪು ಅಂದುಕೊಂಡು ತಾನೇ ತೊಳೆದುಹಾಕುತ್ತದೆ. ಪಟ್ಟದಕಲ್ಲಿಗೆ ಮಾತ್ರ ಬೆಳಿಗ್ಗೆಯೇ ಹೋಗಿ. ವಿರೂಪಾಕ್ಷ ಗುಡಿ ಮೂಡಣಕ್ಕೆ ಮುಖ ಮಾಡಿದೆ.

ಗೋಳಗುಮ್ಮಟದಲ್ಲಿ ಕಥೆ ಬೇರೆ. ಹೊರಗಿನಿಂದ 44 ಮೀಟರ್ ಅಗಲದ ಗುಮ್ಮಟ ಅದು, ಒಳಗೆ ಒಂದೇ ಒಂದು ಕೋಣೆ, ನಡುವೆ ಒಂದು ಕಂಬವಿಲ್ಲ. ಕಿಟ್ ಲೆನ್ಸನ್ನು 18ಕ್ಕೆ ತಂದರೂ ಗುಮ್ಮಟದ ಒಂದು ತುಂಡಷ್ಟೇ ಹಿಡಿಸುತ್ತದೆ. ಇದಕ್ಕಾಗಿ ವೈಡ್ ಲೆನ್ಸ್ ಕೊಳ್ಳಬೇಡಿ. ಜೇಬಿನಿಂದ ಫೋನ್ ತೆಗೆದು 0.5 ಒತ್ತಿ. ಆ ಅಗಲ ನೋಟದಲ್ಲಿ ಫೋನೇ ಗೆಲ್ಲುತ್ತದೆ. ಮೇಲೆ ಪಿಸುಗುಟ್ಟುವ ಗ್ಯಾಲರಿಯಲ್ಲಿ ಫೋಟೋಗಿಂತ ವಿಡಿಯೋ ಮಾಡಿ, ಅಲ್ಲಿ ನೋಡುವುದಕ್ಕಿಂತ ಕೇಳುವುದೇ ಜಾಸ್ತಿ. ಮೂಲೆಯ ಗೋಪುರದ ಇಕ್ಕಟ್ಟಿನ ಮೆಟ್ಟಿಲು ಹತ್ತುವಾಗ ಕ್ಯಾಮೆರಾ ಹಗುರ ಇರುವುದರ ಬೆಲೆ ತಿಳಿಯುತ್ತದೆ. ಟ್ರೈಪಾಡ್ ಒಯ್ಯುವ ಯೋಚನೆ ಇದ್ದರೆ ಬಿಡಿ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ ಅದಕ್ಕೆ ಮೊದಲೇ ಅನುಮತಿ ಬೇಕು, ಡ್ರೋನ್‌ಗೂ ಅಷ್ಟೇ. ನಮ್ಮ ಕಡೆಗೆ ಧಾರವಾಡದ ವಲಯ ಕಚೇರಿಯೇ ಕೇಂದ್ರ.

ಗೋಕಾಕದಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಬೀಳುತ್ತದೆ. ಮಳೆಗಾಲದಲ್ಲಿ ತುಂತುರು ಮೈಗೆಲ್ಲ ಹೊಡೆಯುತ್ತದೆ. ಆರ್50ಕ್ಕೆ ನೀರಿನಿಂದ ರಕ್ಷಣೆ ಇಲ್ಲ. ದೂರದಿಂದ ನಾಲ್ಕು ತೆಗೆದು ಒಳಗಿಟ್ಟುಬಿಡಿ, ಹತ್ತಿರ ಹೋದಾಗ ನೀರು ತಡೆಯುವ ಫೋನ್ ಇದ್ದರೆ ಅದೇ ಇರಲಿ. ಮನೆಗೆ ಬಂದ ಮೇಲೆ ಒದ್ದೆ ಬ್ಯಾಗಿನಲ್ಲಿ ಕ್ಯಾಮೆರಾ ಬಿಡಬೇಡಿ. ಫ್ಯಾನಿನ ಕೆಳಗೆ ಆರಿಸಿ, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ. ಮಳೆಗಾಲದಲ್ಲಿ ಲೆನ್ಸ್ ಕೆಡುವುದು ನೀರಿಗಿಂತ ಬೂಷ್ಟಿನಿಂದ.

ಅಂಗಡಿಯಲ್ಲಿ ಬಿಲ್ ಕೇಳಿ ತಗೊಳ್ಳಿ. ಅದರಲ್ಲಿ ಜಿಎಸ್‌ಟಿ ನಂಬರ್, ಕ್ಯಾಮೆರಾ ಮತ್ತು ಲೆನ್ಸಿನ ಸೀರಿಯಲ್ ನಂಬರ್ ಇರಬೇಕು. ಬಿಲ್ ಇಲ್ಲದೆ ಎಂಟು ಸಾವಿರ ಕಡಿಮೆ ಅಂದರೆ ಅದು ಹೊರದೇಶದ ಮಾಲು ಇರಬಹುದು, ಅದಕ್ಕೆ ಇಲ್ಲಿ ಕಂಪನಿ ವಾರಂಟಿ ಸಿಗುವುದಿಲ್ಲ. ಇನ್ನೊಂದು ಬ್ಯಾಟರಿ ತಗೊಳ್ಳಿ, ಮದುವೆ ದಿನ ಒಂದು ಸಾಲದು. ಕಾರ್ಡ್ ವಿ30 ಅಂತ ಬರೆದ 64 ಜಿಬಿಯದು ಸಾಕು. 4ಕೆ ವಿಡಿಯೋ ತೆಗೆದರೆ ಅದರಲ್ಲಿ ಒಂದು ತಾಸಿಗಿಂತ ಸ್ವಲ್ಪ ಜಾಸ್ತಿ ಹಿಡಿಸುತ್ತದೆ. ಬಿಸಿಲಿನಲ್ಲಿ ಅಷ್ಟು ಹೊತ್ತು ಒಂದೇ ಸಮನೆ ತೆಗೆಯಬೇಡಿ, ಕ್ಯಾಮೆರಾ ಕಾದು ತಾನೇ ನಿಂತುಬಿಡುತ್ತದೆ. ಇಷ್ಟೆಲ್ಲ ದುಡ್ಡು ಹಾಕುವ ಮೊದಲು ಒಮ್ಮೆ ನೋಡಬೇಕು ಅನ್ನಿಸಿದರೆ ಬೆಳಗಾವಿ, ಹುಬ್ಬಳ್ಳಿಯಲ್ಲಿ ಕ್ಯಾಮೆರಾ ಬಾಡಿಗೆಗೆ ಕೊಡುವವರಿದ್ದಾರೆ. ಒಂದು ದಿನಕ್ಕೆ ತಂದು ನಿಮ್ಮ ಮನೆಯ ಟ್ಯೂಬ್‌ಲೈಟಿನಲ್ಲೇ ತೆಗೆದು ನೋಡಿ.

ಕೊನೆಗೆ ಮಾವನವರ ಲೆನ್ಸ್. ಕೂಡುತ್ತದೆ. ಹಳೆಯ ನಿಕಾನ್ ಲೆನ್ಸ್ ತನ್ನ ಹಿಂದೆ 46.5 ಮಿ.ಮೀ. ಅಂತರ ಕೇಳುತ್ತದೆ. ಕ್ಯಾನನ್ ಮಿರರ್‌ಲೆಸ್‌ನಲ್ಲಿ ಆ ಅಂತರ 20 ಮಿ.ಮೀ. ಮಾತ್ರ. ಉಳಿದ 26.5ನ್ನು ಒಂದು ಅಡಾಪ್ಟರ್ ಬಳೆ ತುಂಬುತ್ತದೆ. ಅದರೊಳಗೆ ಗಾಜಿಲ್ಲ, ಹಾಗಾಗಿ ಚಿತ್ರ ಕೆಡುವ ಮಾತಿಲ್ಲ. ಆದರೆ ಫೋಕಸ್, ಅಪರ್ಚರ್ (ಲೆನ್ಸಿನ ಬಾಯಿ) ಎರಡೂ ಕೈಯಿಂದಲೇ ತಿರುಗಿಸಬೇಕು, ಕಣ್ಣು ಹಿಡಿಯುವ ಸವಲತ್ತು ಸಿಗುವುದಿಲ್ಲ. ಹಾಗಾಗಿ ಮಂಟಪಕ್ಕೆ ಹೊಸ 50 ಎಂಎಂ ಬೇಕೇ ಬೇಕು. ಶಿಲ್ಪಗಳಿಗೆ, ಕೂತ ಹಿರಿಯರ ಮುಖಕ್ಕೆ ಮಾವನವರ ಲೆನ್ಸ್ ಖುಷಿಯಾಗಿ ಬಳಸಿ. ಮೆನುವಿನಲ್ಲಿ ಫೋಕಸ್ ಪೀಕಿಂಗ್ ಆನ್ ಮಾಡಿದರೆ ಸ್ಪಷ್ಟವಾದ ಅಂಚು ಬಣ್ಣದಲ್ಲಿ ಮಿನುಗಿ ತೋರಿಸುತ್ತದೆ. ಲೆನ್ಸ್ ಹಾಕಿದ ಮೇಲೆ ಕ್ಯಾಮೆರಾ ಕ್ಲಿಕ್ ಆಗದಿದ್ದರೆ ಗಾಬರಿ ಬೇಡ, ಲೆನ್ಸ್ ಇಲ್ಲ ಅಂತ ಅದು ತಿಳಿದುಕೊಂಡಿರುತ್ತದೆ. ಲೆನ್ಸ್ ಇಲ್ಲದೆಯೂ ಶಟರ್ ಬಿಡುವ ಆಯ್ಕೆ ಮೆನುವಿನಲ್ಲಿದೆ, ಅದನ್ನು ಆನ್ ಮಾಡಿ. ಅಡಾಪ್ಟರ್‌ಗೆ ದುಡ್ಡು ಕೊಡುವ ಮೊದಲು ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿ. ಒಳಗೆ ಬಿಳಿ ಎಳೆ ಜೇಡರ ಬಲೆಯ ಹಾಗೆ ಹರಡಿದ್ದರೆ ಅದು ಬೂಷ್ಟು. ಅಂಥದ್ದನ್ನು ರಿಪೇರಿಯವರಿಗೆ ತೋರಿಸಿ, ಅಲ್ಲಿಯ ತನಕ ಹೊಸ ಲೆನ್ಸ್ ಇರುವ ಡಬ್ಬಿಯಲ್ಲಿ ಅದನ್ನು ಇಡಬೇಡಿ.